ಬೀಗರ ಮನೆಯ ತುತ್ತೂರಿ

ನನ್ನ ಮೊಮ್ಮಗಳು ಹುಟ್ಟಿದ ಕೂಡಲೇ ಬಾಯಿ ತೆರೆದಳು. ಸೂಲಗಿತ್ತಿ ಚೌಡವ್ವ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಯಿ ಎಷ್ಟು ಅಗಲವಾಗಿದೆ, ನಾಲಗೆ ಹೇಗೆ ನಡುಗುತ್ತಿದೆ ಅಂತ ಸಾವಕಾಶವಾಗಿ ನೋಡಿ, "ಗಟ್ಟಿ ಗಂಟಲು ಕಣಮ್ಮ. ಚೆನ್ನಾಗಿ ಅಳ್ತಾ ಐತೆ" ಅಂದಳು. ಸದ್ದು ಮಾತ್ರ ಇರಲಿಲ್ಲ. ನಮ್ಮ ಊರಲ್ಲಿ ಇರುವುದೂ ಇಲ್ಲ. ಇಲ್ಲಿ ಯಾವ ಸದ್ದು ಸಾಧಾರಣ ಮಾತಿನ ಮಟ್ಟ ದಾಟುತ್ತದೋ ಅದು ಹುಟ್ಟಿದಲ್ಲೇ ಸತ್ತು ಬೀಳುತ್ತದೆ. ಮೆಲ್ಲಗೆ ಆಡಿದ್ದು ಹಿತ್ತಲು ದಾಟಿ ಆಚೆ ಮನೆಗೂ ಹೋಗುತ್ತದೆ. ಕೂಗಿದ್ದು ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ.

ನಮಗೆ ಇದು ಅಭ್ಯಾಸವಾಗಿ ಹೋಗಿದೆ. ಮಿಂಚು ಕಂಡರೆ ಒಣಗಿದ ಬಟ್ಟೆ ತೆಗೆಯುತ್ತೇವೆ, ಗುಡುಗಿಗೆ ಕಾಯುವವರಿಲ್ಲ. ಬಸ್ಸಿಗೆ ಎಮ್ಮೆ ಅಡ್ಡ ಬಂದರೆ ಕಂಡಕ್ಟರು ಇಳಿದು ಹೋಗಿ ಅದರ ಬೆನ್ನು ಸವರಿ ಪಕ್ಕಕ್ಕೆ ಕರೆದೊಯ್ಯುತ್ತಾನೆ. ಜಗಳ ಆಡಬೇಕೆಂದರೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ಪಿಸುಗುಟ್ಟಬೇಕು, ಕೋಪ ಏರಿ ದನಿ ಏರಿತೋ ವಾದ ಸೋತ ಹಾಗೆ. ಹೊರಗಿನಿಂದ ಬಂದ ವ್ಯಾಪಾರಿಗಳು ಸಂತೆಯಲ್ಲಿ ನಿಂತು ಗಂಟಲ ನರ ಉಬ್ಬಿಸಿ, ಈ ಊರಿನವರಿಗೆಲ್ಲ ಕಿವುಡು ಅಂತ ತೀರ್ಮಾನಿಸಿ ಮರುದಿನವೇ ಗಂಟು ಕಟ್ಟುತ್ತಾರೆ. ಹೋಗಲಿ ಬಿಡಿ, ಅವರ ಸಾಮಾನೂ ಅಷ್ಟಕ್ಕಷ್ಟೇ.

ಆದರೆ ಕೂಸುಗಳಿಗೆ ಈ ಕಟ್ಟುಪಾಡನ್ನು ಯಾರು ಹೇಳಿಕೊಡುತ್ತಾರೆ? ಅವು ಬಾಯಿ ತುಂಬ ಅಳುತ್ತವೆ, ಅಡುಗೆಮನೆಯಲ್ಲಿರುವ ತಾಯಿಗೆ ಒಂದು ಚೂರೂ ಕೇಳುವುದಿಲ್ಲ. ಅಳುವುದಕ್ಕೆ ಮೊದಲು ಮಗು ಒಂದಿಷ್ಟು ಮುಲುಗುತ್ತದಲ್ಲ, ಕುಂಯ್‌ಕುಂಯ್ ಅಂತ, ಅದೊಂದೇ ನಮಗೆ ಗತಿ. ಅದನ್ನು ಹಿಡಿಯುವುದಕ್ಕೆ ತೊಟ್ಟಿಲ ಮೇಲೆ ಒಂದು ಮೈಕು ಕಟ್ಟುತ್ತೇವೆ. ಮೈಕಿನಿಂದ ವಾಲ್ವ್ ಆಂಪ್ಲಿಫೈಯರಿಗೆ, ಅಲ್ಲಿಂದ ನಡುಮನೆಯ ಸ್ಪೀಕರಿಗೆ ತಂತಿ. ವಾಲ್ವುಗಳು ಒಳಗೆ ಕೆಂಪಗೆ ಉರಿಯುವುದರಿಂದ ಆಂಪ್ಲಿಫೈಯರಿಗೆ ನಮ್ಮಲ್ಲಿ ದೀಪದ ಪೆಟ್ಟಿಗೆ ಅನ್ನುತ್ತಾರೆ. ಅದು ಭಾರಿ ಶಕ್ತಿಯದ್ದಾಗಿದ್ದರೆ ಪ್ರಯೋಜನವಿಲ್ಲ, ಸದ್ದು ದೊಡ್ಡದಾಗಿ ಸ್ಪೀಕರಿನ ಬಾಯಲ್ಲೇ ಸಾಯುತ್ತದೆ. ಎರಡು, ಮೂರು, ಹೆಚ್ಚೆಂದರೆ ಎಂಟು ವ್ಯಾಟು.

ಈ ಪೆಟ್ಟಿಗೆಗೂ ಸ್ಪೀಕರಿಗೂ ಜೋಡಿ ಕೂಡಿಸುವುದು ನನ್ನ ಕಸುಬು. ನನ್ನ ಹೆಸರು ವನಜಾಕ್ಷಿ. ನಮ್ಮಪ್ಪ ಕಲಿಸಿದ ವಿದ್ಯೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಪೆಟ್ಟಿಗೆ ಬಡಪಾಯಿಯಾಗಿದ್ದರೆ ಸ್ಪೀಕರ್ ಸೂಕ್ಷ್ಮವಾಗಿರಬೇಕು, ಒಂದು ಗುಟುಕು ಕೊಟ್ಟರೆ ಹಾಡುವಂಥದ್ದು. ಸ್ಪೀಕರ್ ಜಡವಾಗಿದ್ದರೆ ಬಡ ಪೆಟ್ಟಿಗೆ ಗುಂಡಿ ತಿರುಗಿಸಿದಷ್ಟೂ ಏದುಸಿರು ಬಿಟ್ಟು ಗೊರಗುಟ್ಟುತ್ತದೆಯೇ ಹೊರತು ಮಾತಾಡುವುದಿಲ್ಲ. ಹಾಗಂತ ಸೂಕ್ಷ್ಮವಾದ ಸ್ಪೀಕರನ್ನು ಸಿಕ್ಕ ಸಿಕ್ಕ ಪೆಟ್ಟಿಗೆಗೆ ಜೋಡಿಸುವ ಹಾಗೂ ಇಲ್ಲ. ಪೆಟ್ಟಿಗೆಯ ಹೊಟ್ಟೆಯೊಳಗಿನ ಗುಂಯ್‌ಗಾಟವನ್ನೆಲ್ಲ ಅದು ತಂದು ಬೀದಿಗೆ ಹಾಕುತ್ತದೆ.

ಇಷ್ಟಾದರೆ ಸುಲಭವೇ ಇತ್ತು. ನಡುವೆ ಸಂಪ್ರದಾಯ ಬಂದು ಕೂತಿದೆ. ಚೊಚ್ಚಲ ಮಗುವಿಗೆ ದೀಪದ ಪೆಟ್ಟಿಗೆ ಅಪ್ಪನ ಮನೆಯಿಂದ ಬರಬೇಕು, ಅಪ್ಪ ಕೂಸಾಗಿದ್ದಾಗ ಅವನನ್ನು ಕೇಳಿಸಿದ್ದೇ ಆಗಬೇಕು. ಸ್ಪೀಕರ್ ತಾಯಿಯ ತವರಿಂದ, ತಾಯಿಯನ್ನು ಕೇಳಿಸಿದ್ದು. ಪೆಟ್ಟಿಗೆ ಗಂಡುಮಕ್ಕಳಿಗೆ ಇಳಿಯುತ್ತದೆ, ಸ್ಪೀಕರ್ ಹೆಣ್ಣುಮಕ್ಕಳಿಗೆ. ಚೆನ್ನಾಗಿ ಹೊಂದಿಕೊಂಡು ಹಾಡುತ್ತಿದ್ದ ಜೋಡಿಯನ್ನು ಪ್ರತಿ ತಲೆಮಾರಿಗೂ ಬೇರೆ ಮಾಡಿ, ಗುರುತು ಪರಿಚಯ ಇಲ್ಲದ ಎರಡನ್ನು ತಂದು ನನ್ನ ಮೇಜಿನ ಮೇಲಿಟ್ಟು "ಹೊಂದಿಸಿ ಕೊಡಿ" ಅನ್ನುತ್ತಾರೆ. ಯಾರು ಮಾಡಿದ ಏರ್ಪಾಡೋ ಕಾಣೆ, ಅದರಿಂದಲೇ ನನ್ನ ಒಲೆ ಉರಿಯುವುದು.

ನನ್ನ ಮಗಳು ತಾರಿಣಿ ಹೆರಿಗೆಗೆ ಬಂದಾಗ ಈ ಯೋಚನೆ ನನ್ನನ್ನು ತಿಂದು ಹಾಕಿತು. ನಮ್ಮದು ಬೀಟೆ ಮರದ ಸ್ಪೀಕರ್, ನಮ್ಮಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಮುಂದೆ ಕೆತ್ತನೆಯ ಜಾಲರಿ, ಹೊಳಪು, ನೋಡಿದವರು ಮುಟ್ಟಿ ನೋಡಬೇಕು. ಒಳಗಿನ ಕಾಗದ ಮಾತ್ರ ದಪ್ಪ. ನಮ್ಮ ವಂಶದ ಹೆಂಗಸರಿಗೆಲ್ಲ ಅದು ಹೇಗೋ ಎಂಟು ವ್ಯಾಟಿನ ಪೆಟ್ಟಿಗೆಯ ಗಂಡಂದಿರೇ ಸಿಕ್ಕುತ್ತ ಬಂದಿದ್ದರಿಂದ ಅದರ ಜಡತನ ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನ ಯಜಮಾನರದ್ದೂ ಎಂಟೇ. ಅವರು ತೀರಿಕೊಂಡಿದ್ದಾರೆ, ಗಂಡು ಮಕ್ಕಳಿಲ್ಲ, ಪೆಟ್ಟಿಗೆ ಅಂಗಡಿಯ ಮೂಲೆಯಲ್ಲಿದೆ. ಅಳಿಯ ವಿಶ್ವಂಭರನ ಮನೆಯದು ಎಂಥದ್ದು ಅಂತ ಮದುವೆಗೆ ಮೊದಲೇ ಕೇಳಬಹುದಿತ್ತು. ಹುಡುಗ ಒಳ್ಳೆಯವನು, ಬಸ್ ಕಂಡಕ್ಟರು, ತಾರಿಣಿ ಮೆಚ್ಚಿದ್ದಳು. ಊರಿಗೆಲ್ಲ ಜೋಡಿ ಕೂಡಿಸುವವಳು ನಾನು, ನಮ್ಮ ಮನೆಯದೇನು ಮಹಾ ಅಂದುಕೊಂಡುಬಿಟ್ಟೆ.

ತೊಟ್ಟಿಲು ಹಾಕುವ ದಿನ ಬೀಗಿತ್ತಿ ಸುಭದ್ರಮ್ಮನವರು ಬಂದರು. ತೆಳ್ಳನೆಯ ಹೆಂಗಸು, ಮಾತು ಕಡಿಮೆ. ಎದುರಿಗೆ ಕೂತರೆ ನಾನು ಹತ್ತು ಮಾತಾಡಿದ ಮೇಲೆ ಅವರದು ಒಂದು. ಸೆರಗಿನ ಮರೆಯಿಂದ ಒಂದು ಪೆಟ್ಟಿಗೆ ತೆಗೆದಿಟ್ಟರು. ಎಲೆಯಡಿಕೆ ತಟ್ಟೆಯಷ್ಟಿತ್ತು.

"ಎಷ್ಟು ವ್ಯಾಟು ಬೀಗರೆ?" ಅಂದೆ.

"ಎರಡು ಅಂತಾರೆ. ಅಷ್ಟೂ ಇಲ್ವೇನೋ."

ನಮ್ಮಲ್ಲಿ ನಾಮಕರಣ ಆಗುವುದು ಹೀಗೆ: ಅಪ್ಪನ ಕಡೆಯ ಹಿರಿಯಳು ಕೋಣೆಯಲ್ಲಿ ತೊಟ್ಟಿಲಿಗೆ ಬಗ್ಗಿ ಮೈಕಿನ ಹತ್ತಿರ ಮಗುವಿನ ಹೆಸರನ್ನು ಉಸುರುತ್ತಾಳೆ, ನಡುಮನೆಯಲ್ಲಿ ಕೂತ ನೆಂಟರಿಗೆ ಅದು ಸ್ಪೀಕರಿನಿಂದ ಕೇಳಬೇಕು. ಕೇಳಿದ ಮೇಲೆ ಸಿಹಿ. ನೆಂಟರೆಲ್ಲ ಕೈಯಲ್ಲಿ ಲಾಡು ಹಿಡಿದು ಬೀಟೆ ಸ್ಪೀಕರಿನ ಕಡೆ ಕತ್ತು ಚಾಚಿ ಕೂತರು. ನಾನು ಗುಂಡಿ ತಿರುಗಿಸಿದೆ. ಇನ್ನಷ್ಟು ತಿರುಗಿಸಿದೆ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಒಂದು ಮೊಳೆಯಿಂದ ಇನ್ನೊಂದಕ್ಕೆ ಬದಲಾಯಿಸಿದೆ. ಗುಂಡಿ ಕೊನೆ ಮುಟ್ಟಿತು, ಸ್ಪೀಕರ್ ಒಂದು ಸಲ ಗೊರ್ ಅಂದು ಸುಮ್ಮನಾಯಿತು. ಕೊನೆಗೆ ಸುಭದ್ರಮ್ಮನವರೇ ಬಾಗಿಲಿಗೆ ಬಂದು, "ನಳಿನಿ ಅಂತ" ಎಂದರು. ನೆಂಟರು ಲಾಡು ಬಾಯಿಗೆ ಹಾಕಿಕೊಂಡರು.

ಎಲ್ಲರೂ ಹೋದ ಮೇಲೆ ನಾನೂ ಅವರೂ ಮೊಣಕಾಲಿಗೆ ಮೊಣಕಾಲು ಕೊಟ್ಟು ಕೂತೆವು.

"ನಿಮ್ಮ ಪೆಟ್ಟಿಗೇಲಿ ಜೀವಾನೇ ಇಲ್ವಲ್ರೀ" ಅಂದೆ.

"ನನ್ನ ಮಗ ಬದುಕಿ ಬೆಳೆದಿದ್ದು ಅದರಿಂದಾನೇ. ನಿಮ್ಮ ಸ್ಪೀಕರೇ ಕಿವುಡು" ಅಂದರು.

"ನಾಲ್ಕು ತಲೆಮಾರಿನ ಬೀಟೆ ಇದು."

"ಮರ ಒಳ್ಳೇದೇ. ಮಂಚ ಮಾಡಿಸ್ಬಹುದು."

ನನಗೆ ದನಿ ಏರಿತು, ನನ್ನ ಮಾತು ಯಾರಿಗೂ ಕೇಳಲಿಲ್ಲ. ಅವರು ನನ್ನ ತುಟಿ ಆಡುವುದನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು.

ಅವತ್ತಿನಿಂದ ಶುರುವಾಯಿತು ನನ್ನ ಪಾಡು. ಜೋಡಿ ಹೊಂದದ ಮನೆಯಲ್ಲಿ ಹೆಂಗಸರು ಸರದಿಯ ಮೇಲೆ ತೊಟ್ಟಿಲ ಪಕ್ಕ ಕೂರಬೇಕು. ನಮ್ಮಲ್ಲಿ ಸರದಿಗೆ ಇದ್ದವರು ಯಾರು? ನಾನು, ತಾರಿಣಿ, ಸ್ನಾನ ಮಾಡಿಸುವುದಕ್ಕೆ ಬಂದು ಹೋಗುವ ಚೌಡವ್ವ. ನನಗೆ ಮೊದಲೇ ಒಂದು ಕಡೆ ಕೂತು ಗೊತ್ತಿಲ್ಲ. ಒಲೆಯ ಮುಂದೆ ನಿಂತರೆ ತೊಟ್ಟಿಲ ಯೋಚನೆ, ತೊಟ್ಟಿಲ ಹತ್ತಿರ ಹೋದರೆ ಅಂಗಡಿಯಲ್ಲಿ ಬೆಸುಗೆ ಕಡ್ಡಿ ಕಾದು ಉರಿಯುತ್ತಿದೆಯೇನೋ ಅಂತ, ಅಂಗಡಿಗೆ ಓಡಿದರೆ ಬಾಣಂತಿಯ ಬಿಸಿನೀರು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಅಂತ ನೋಡುವಷ್ಟರಲ್ಲಿ ಮಗು ನೆನಪಾಗಿ ಸೌಟು ಹಿಡಿದುಕೊಂಡೇ ಓಡುತ್ತಿದ್ದೆ. ಹೋಗಿ ನೋಡಿದರೆ ನಳಿನಿ ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಿರುವಳು. ಬೆನ್ನು ತಿರುಗಿಸಿದರೆ ಬಾಯಿ ತೆರೆದಿರುವಳು.

ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿತ್ತು. ಈ ಮಗು ಮುಲುಗುತ್ತಿರಲಿಲ್ಲ. ಊರಿನ ಅಷ್ಟೂ ಕೂಸುಗಳು ಅಳುವ ಮೊದಲು ಒಂದು ಸೂಚನೆ ಕೊಡುತ್ತವೆ, ಇವಳು ನಿದ್ದೆಯಿಂದ ನೆಟ್ಟಗೆ ಅಳುವಿಗೇ ಹೋಗುತ್ತಿದ್ದಳು. ನಡುವೆ ಒಂದೇ ಒಂದು ಉಸಿರು ಉದ್ದಕ್ಕೆ ಒಳಗೆಳೆದುಕೊಳ್ಳುತ್ತಿದ್ದಳು, ಅಷ್ಟೇ. ಚೌಡವ್ವನೂ ಕೆನ್ನೆಗೆ ಕೈಯಿಟ್ಟುಕೊಂಡಳು. "ಇಂಥದ್ದ ನಾ ಕಂಡಿಲ್ಲ ಕಣಮ್ಮ. ಈ ಮಗೀನ ಅಳು ಹಿಡೀಬೇಕಂದ್ರೆ ಉಸ್ರು ಕೇಳ್ಬೇಕು" ಅಂದಳು.

ತಾರಿಣಿಗೆ ಇದರ ಬಗ್ಗೆ ಗಾಬರಿ ಇದ್ದ ಹಾಗೆ ಕಾಣಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿ ಕೂತಿರುತ್ತಿದ್ದಳು. ಹಾಲು ಕುಡಿಸು ಅಂದರೆ ಕುಡಿಸುವಳು, ಉಣ್ಣು ಅಂದರೆ ಉಣ್ಣುವಳು. ಬಾಣಂತಿಯ ಸುಸ್ತು ಅಂದುಕೊಂಡೆ. ಒಮ್ಮೆ ಅವಳಿಗೆ ಕಷಾಯ ಕೊಟ್ಟು ಪಕ್ಕದಲ್ಲಿ ಕೂತಿದ್ದಾಗ, "ಅಮ್ಮಾ, ನಂಗೆ ಯಾಕೋ ಒಂಥರಾ..." ಅಂದಳು. ಅಷ್ಟರಲ್ಲಿ ಅನ್ನದ ಕಮಟು ವಾಸನೆ ಬಂತು, "ಇರು, ಸೀದು ಹೋಯ್ತು" ಅಂತ ಎದ್ದೆ. ತಿರುಗಿ ಬಂದಾಗ ಅವಳು ಕಷಾಯದ ಲೋಟ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು. "ಏನೋ ಅಂತಿದ್ಯಲ್ಲ?" ಅಂದರೆ, "ಏನಿಲ್ಲ" ಅಂದಳು. ಕಷಾಯ ಆರಿಹೋಗಿತ್ತು, ಬಿಸಿ ಮಾಡುವುದಕ್ಕೆ ಮತ್ತೆ ಎದ್ದೆ.

ಉಸಿರು ಕೇಳಬೇಕು. ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಸಂಪ್ರದಾಯ ಹಾಳಾಗಲಿ ಅಂತ ನನ್ನ ಯಜಮಾನರ ಎಂಟು ವ್ಯಾಟಿನ ಪೆಟ್ಟಿಗೆಯನ್ನು ಕದ್ದುಮುಚ್ಚಿ ತಂದು ಬೀಟೆ ಸ್ಪೀಕರಿಗೆ ಜೋಡಿಸಿದೆ. ಹಳೆಯ ಜೋಡಿ, ಕೂಡಲೇ ಮಾತಾಡಿತು. ತಾರಿಣಿ ಕೋಣೆಯಲ್ಲಿ ಕೆಮ್ಮಿದ್ದು ಕೇಳಿಸಿ ಕುಣಿದಾಡುವ ಹಾಗಾಯಿತು. ಆದರೆ ಅದರ ಕೆಳಗೆ ಒಂದು ಗುಂಯ್ ಅನ್ನುವ ಸದ್ದು ಸದಾ ಇತ್ತು, ಜೇನು ಕೂತ ಗೋಡೆಗೆ ಕಿವಿ ಕೊಟ್ಟ ಹಾಗೆ. ಕೆಮ್ಮು ದಾಟಿ ಬರುತ್ತದೆ, ಮುಲುಗೂ ಬರುತ್ತದೆ. ಕೂಸಿನ ಉಸಿರು ಆ ಗುಂಯ್‌ನಲ್ಲಿ ಮುಳುಗಿ ಹೋಗುತ್ತಿತ್ತು. ವಾಲ್ವು ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಎರಡು ದಿನ ಅದರ ಹೊಟ್ಟೆ ಬಗೆದು ಕೂತೆ. ಹೋಗಲಿಲ್ಲ.

ಆಮೇಲೆ ಬೇರೇನೂ ತೋಚದೆ ಸುಭದ್ರಮ್ಮನವರ ಪುಟಾಣಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಯಾರದೋ ಮನೆಯ ಮರದ ತುತ್ತೂರಿ ಸ್ಪೀಕರ್ ರಿಪೇರಿಗೆ ಬಂದಿತ್ತು, ಅದಕ್ಕೆ ಜೋಡಿಸಿ ಮೈಕನ್ನು ಪಕ್ಕದಲ್ಲಿಟ್ಟೆ. ಏನೂ ಸದ್ದಿಲ್ಲ. ಸತ್ತೇ ಹೋಗಿದೆ, ನಾನು ಹೇಳಿದ್ದೇ ಸರಿ ಅಂತ ಒಳಗೊಳಗೇ ಖುಷಿಯೂ ಆಯಿತು. ತಂತಿ ಕಳಚಲು ಕೈ ಚಾಚಿದೆ. ತುತ್ತೂರಿಯ ಬಾಯಿಂದ ಬಳೆ ಕಿಣಿಗುಟ್ಟಿತು. ನನ್ನದೇ ಬಳೆ. ಬೆಚ್ಚಿ ಉಸಿರೆಳೆದುಕೊಂಡೆ, ಅದೂ ಕೇಳಿಸಿತು. ಎದುರಿಗೆ ಇನ್ನೊಬ್ಬ ವನಜಾಕ್ಷಿ ಕೂತು ಉಸಿರಾಡಿದ ಹಾಗಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಇಷ್ಟು ನಿಶ್ಶಬ್ದವಾದ ಪೆಟ್ಟಿಗೆ ನನ್ನ ಕೈಗೆ ಬಂದಿರಲಿಲ್ಲ. ಅದರಲ್ಲಿ ಗುಂಯ್ ಇಲ್ಲ, ಸುಂಯ್ ಇಲ್ಲ, ಕೊಟ್ಟಿದ್ದನ್ನು ಹಾಗೇ ಕೊಡುತ್ತಿತ್ತು. ಅದಕ್ಕೆ ಬೇಕಾದ್ದು ಒಂದೇ, ಅಷ್ಟನ್ನೇ ಇಟ್ಟುಕೊಂಡು ಹಾಡುವ ತುತ್ತೂರಿ. ನಮ್ಮ ಬೀಟೆ ಮರದ ಸುಂದರಿ ಅಲ್ಲ.

ಮೇಜಿನ ಮೇಲಿದ್ದ ತುತ್ತೂರಿಯನ್ನು ಅವತ್ತು ಸಂಜೆಯೇ ಬೇರೊಂದು ಬಾಣಂತಿ ಮನೆಗೆ ತಲುಪಿಸಬೇಕಿತ್ತು. ಹೊಸದು ಮಾಡೋಣ ಅಂದರೆ ಮರ ಒಣಗಿ ಹದಕ್ಕೆ ಬರುವಷ್ಟರಲ್ಲಿ ನಳಿನಿ ನಡೆಯಲು ಕಲಿತಿರುತ್ತಾಳೆ. ಆಗ ಹೊಳೆಯಿತು: ವಿಶ್ವಂಭರ ಕೂಸಾಗಿದ್ದಾಗ ಈ ಪೆಟ್ಟಿಗೆಗೆ ಜೊತೆಯಾಗಿದ್ದ ಸ್ಪೀಕರ್ ಎಲ್ಲಿ? ಅದು ಸುಭದ್ರಮ್ಮನವರ ತವರಿನದು. ಅವರಿಗೆ ಹೆಣ್ಣುಮಕ್ಕಳಿಲ್ಲ, ಇಳಿದು ಹೋಗುವುದಕ್ಕೆ ದಾರಿಯಿಲ್ಲ. ಮನೆಯಲ್ಲೇ ಇರಬೇಕು.

ಚೌಡವ್ವನನ್ನು ತೊಟ್ಟಿಲ ಹತ್ತಿರ ಕೂರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಾನು ಹೋಗುವುದು ಅಂದರೆ ಏನು ಅಂತ ಯೋಚಿಸಿ. ನನ್ನ ಮಗಳ ಮಗುವನ್ನು ಕೇಳಿಸುವ ಯೋಗ್ಯತೆ ನನ್ನ ತವರಿಗಿಲ್ಲ, ನಿಮ್ಮ ತವರಿನದನ್ನು ಕೊಡಿ ಅಂತ ಬೀಗಿತ್ತಿಯ ಮುಂದೆ ಸೆರಗೊಡ್ಡುವುದು. ಊರಲ್ಲಿ ಜೋಡಿ ಕೂಡಿಸುವವಳೇ ಹೀಗೆ ಮಾಡಿದರೆ ನಾಳೆಯಿಂದ ನನ್ನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? ಹೆಜ್ಜೆಹೆಜ್ಜೆಗೂ ತಿರುಗಿ ಹೋಗೋಣ ಅನ್ನಿಸುತ್ತಿತ್ತು.

ಸುಭದ್ರಮ್ಮನವರು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಕೂತುಕೊಳ್ಳದೆಯೇ ಹೇಳಿದೆ. "ನಿಮ್ಮ ಪೆಟ್ಟಿಗೆ ಒಳ್ಳೇದು. ನಾನು ಅಂದಿದ್ದು ತಪ್ಪು. ನಮ್ಮ ಸ್ಪೀಕರೇ ಜಡ. ನಿಮ್ಮ ತವರಿನ ತುತ್ತೂರಿ ಕೊಟ್ರೆ ಮಗು ಉಳಿಯುತ್ತೆ."

ಅವರ ಕೈ ನಿಂತಿತು. ಅಟ್ಟದ ಕಡೆ ಒಮ್ಮೆ ನೋಡಿದರು. "ಅದೊಂದನ್ನ ಕೇಳ್ಬೇಡಿ" ಅಂದರು.

"ಯಾಕ್ರೀ? ಅಟ್ಟದ ಮೇಲೆ ಇಲಿ ಹಾಡು ಕೇಳ್ತಾ ಇದೆಯಾ?"

"ಇಳಿಸೋಲ್ಲ ನಾನು. ಬೇರೆ ಏನು ಬೇಕಾದ್ರೂ ಕೇಳಿ."

"ಬೇರೆ ಏನಿದೆ ನಿಮ್ಮನೇಲಿ ಕೇಳೋಕೆ? ಮೊಮ್ಮಗಳಿಗಿಂತ ತುತ್ತೂರಿ ಹೆಚ್ಚಾಯ್ತಾ ನಿಮಗೆ?"

ಅವರು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಕಲ್ಲು ಹೃದಯ ಅಂತ ಅಂದುಕೊಂಡೆ, ದಾರಿಯುದ್ದಕ್ಕೂ ಅಂದುಕೊಂಡೆ, ಮನೆಗೆ ಬಂದು ಚೌಡವ್ವನ ಹತ್ತಿರವೂ ಅಂದೆ.

ಅವರೇ ಮರುದಿನ ಮಧ್ಯಾಹ್ನ ಬಂದರು, ಬಾಣಂತಿಗೆ ಅಂತ ಅಂಟಿನುಂಡೆ ಮಾಡಿಕೊಂಡು. ಚೌಡವ್ವ ಬಚ್ಚಲಮನೆಯಲ್ಲಿ ತಾರಿಣಿಗೆ ನೀರು ಹಾಕುತ್ತಿದ್ದಳು. ತೊಟ್ಟಿಲು ನನ್ನ ಸರದಿ. ನಳಿನಿ ಆಗಷ್ಟೇ ಮಲಗಿದ್ದಳು. ಡಬ್ಬಿ ತೆಗೆದುಕೊಂಡು ಸುಮ್ಮನೆ ಕಳಿಸಬೇಕಿತ್ತು, ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

"ಉಂಡೆ ತಂದ್ರೆ ಆಯ್ತಾ?" ಅಂದೆ. ಅವರು ನಡುಮನೆಯಲ್ಲಿ ಕೂತರು, ನಾನೂ ಎದುರಿಗೆ ಕೂತೆ, ಮೊಣಕಾಲು ತಾಗಿದವು. ನಾನು ತುತ್ತೂರಿಯ ಮಾತೆತ್ತಿದೆ, ಅವರು ಬೇಡ ಅಂದರು. ನಾನು ಮದುವೆಯ ಊಟದಲ್ಲಿ ಅವರ ಕಡೆಯವರು ಹೋಳಿಗೆ ಬಗ್ಗೆ ಆಡಿದ ಮಾತೆತ್ತಿದೆ, ಅವರು ನಾನು ಸೀರೆಯ ಅಂಚು ತಿರುವಿ ನೋಡಿದ್ದನ್ನು ಎತ್ತಿದರು. ಪಿಸುಮಾತಿನ ಜಗಳಕ್ಕೆ ಒಂದು ಗುಣವಿದೆ, ಎದುರಿನವರ ತುಟಿ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಎಷ್ಟು ಹೊತ್ತಾಯಿತೋ. ಒಂದು ಸಲ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೋಣೆಯಿಂದ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು.

ಸ್ಪೀಕರಿನಿಂದಲ್ಲ. ತೊಟ್ಟಿಲಿನಿಂದಲೇ.

ಓಡಿದೆವು. ಮಗುವಿನ ಕಾಲು ತೊಟ್ಟಿಲ ಬಟ್ಟೆಯ ಅಂಚಿಗೆ ಸಿಕ್ಕಿಕೊಂಡು ಬಿಗಿದಿತ್ತು. ಪಾದ ನೀಲಿಗಟ್ಟಿತ್ತು, ಮುಖ ಊದಿತ್ತು, ಕತ್ತಿನವರೆಗೂ ಕಣ್ಣೀರು. ಅತ್ತು ಅತ್ತು ಗಂಟಲು ಕಟ್ಟಿಹೋಗಿ, ಅಳುವ ಶಕ್ತಿ ಮುಗಿದು, ದನಿ ಸೋತು ಕುಗ್ಗಿದ ಮೇಲೆ ಮಾತ್ರ ಅದು ನಮಗೆ ಕೇಳಿಸಿತ್ತು. ಗಟ್ಟಿಯಾಗಿ ಕರೆದಷ್ಟು ಹೊತ್ತೂ ನಾವು ಎರಡು ಮಾರು ದೂರದಲ್ಲಿ ಕೂತು ಹೋಳಿಗೆಯ ಲೆಕ್ಕ ಹಾಕುತ್ತಿದ್ದೆವು. ಬಟ್ಟೆ ಬಿಡಿಸಿ ಕಾಲು ತಿಕ್ಕಿದೆ. ಬಣ್ಣ ತಿರುಗಿತು, ದೇವರು ದೊಡ್ಡವನು. ತಲೆಯೆತ್ತಿದರೆ ತಾರಿಣಿ ಒದ್ದೆ ಕೂದಲಲ್ಲಿ ಹಿತ್ತಲ ಕಡೆಯ ಬಾಗಿಲಲ್ಲಿ ನಿಂತಿದ್ದಳು. ಬಚ್ಚಲಿನಿಂದ ಯಾವಾಗ ಬಂದಳೋ ಗೊತ್ತಿಲ್ಲ. "ಏನಿಲ್ಲ, ಏನಿಲ್ಲ, ಸರಿಹೋಯ್ತು" ಅಂದೆ. ಅವಳು ಹೂಂ ಅಂದಳು.

ಸುಭದ್ರಮ್ಮನವರು ಹೊರಟು ಹೋದರು. ಹೋಗಲಿ ಅಂದುಕೊಂಡೆ. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರ ಮೇಲೆ ಹಾಕುವುದಕ್ಕೆ ಉಳಿದಿರಲಿಲ್ಲ. ಬೀಟೆ ಸ್ಪೀಕರನ್ನು ಎಳೆದು ತಂದು ಅಂಗಡಿಯ ಮೂಲೆಗೆ ನೂಕಿದೆ, ಅಂಚು ತಾಗಿ ಕೆತ್ತನೆ ಒಂದಿಷ್ಟು ಮುರಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಶ್ವಂಭರ ಹೆಗಲ ಮೇಲೆ ಏನೋ ಹೊತ್ತುಕೊಂಡು ಬಂದ, ಹಿಂದೆ ಅವರಮ್ಮ. ಹೊತ್ತದ್ದಕ್ಕೆ ಹಳೆಯ ಸೀರೆ ಸುತ್ತಿದ್ದರು. ಬಿಚ್ಚಿದರೆ ಹಿತ್ತಾಳೆಯ ತುತ್ತೂರಿ, ಉದ್ದ ಕತ್ತು, ನುಗ್ಗುನುಗ್ಗಾದ ಬಾಯಿ, ಕಿಲುಬು. ಇದಕ್ಕಿಂತ ಕುರೂಪಿಯನ್ನು ನಾನು ನೋಡಿಲ್ಲ. "ಅತ್ತೆ, ಅಮ್ಮ ತಾನೇ ಅಟ್ಟ ಹತ್ತಿ ಇಳಿಸಿದ್ಲು. ಸೀರೆ ಸುತ್ತೋವರೆಗೂ ನನ್ನನ್ನೂ ಮುಟ್ಟೋಕೆ ಬಿಡ್ಲಿಲ್ಲ" ಅಂದ ಅಳಿಯ. ಕೊನೆಯ ಬಸ್ಸಿನ ಪಾಳಿ ಇದ್ದುದರಿಂದ ಮಗಳ ಕಾಲು ಮುಟ್ಟಿ ನೋಡಿ, ಹೆಂಡತಿಯ ಹತ್ತಿರ ಎರಡು ಮಾತಾಡಿ ಹೊರಟ.

ನಾನು ಜೋಡಿಸಿದೆ. ಯಾವ ಮೊಳೆಗೆ ಯಾವ ತಂತಿ ಅಂತ ಹುಡುಕುವ ಕೆಲಸವೇ ಇರಲಿಲ್ಲ, ಮೊದಲು ಕೊಟ್ಟ ಕಡೆಯೇ ಸರಿಯಾಯಿತು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಮೊದಲು ತೊಟ್ಟಿಲ ಹಗ್ಗ ತೊಲೆಗೆ ಉಜ್ಜುವ ಸದ್ದು ಬಂತು. ಅದರ ಹಿಂದೆಯೇ ನಳಿನಿಯ ಉಸಿರು, ಒಳಗೆ, ಹೊರಗೆ, ನಡುವೆ ಮೂಗು ಕಟ್ಟಿದ ಒಂದು ಸಣ್ಣ ಗೊರಕೆ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಸುಭದ್ರಮ್ಮನವರು ತುತ್ತೂರಿಯ ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಮುಖ ನೋಡಿದರೆ ಸಂತೋಷ ಪಡುತ್ತಿರುವವರ ಹಾಗೆ ಕಾಣಲಿಲ್ಲ, ಯಾವುದಕ್ಕೋ ಕಾಯುತ್ತಿರುವವರ ಹಾಗಿತ್ತು.

ಒಲೆಯ ಮೇಲೆ ಹಾಲಿಟ್ಟಿದ್ದೆ, ಏಳಬೇಕು ಅನ್ನುವಷ್ಟರಲ್ಲಿ ತುತ್ತೂರಿಯಿಂದ ತಾರಿಣಿಯ ದನಿ ಬಂತು. ಕೋಣೆಯಲ್ಲಿ ತೊಟ್ಟಿಲಿಗೆ ಬಗ್ಗಿ ಮಗುವಿನೊಂದಿಗೆ ಮಾತಾಡುತ್ತಿದ್ದಳು. ನನ್ನ ಕಿವಿಯಲ್ಲೇ ಹೇಳಿದ ಹಾಗೆ ಅಷ್ಟು ಹತ್ತಿರ.

"ಮಗೂ, ನಾನು ಮಧ್ಯಾಹ್ನ ಬಾಗಿಲಲ್ಲೇ ಇದ್ದೆ ಕಣೇ. ನೀನು ಬಾಯಿ ತೆರೆದಿದ್ದು ನೋಡ್ತಾನೇ ಇದ್ದೆ. ಬಂದು ಎತ್ಕೋಬೇಕು ಅಂತ ಗೊತ್ತು. ಕಾಲೇ ಬರ್ಲಿಲ್ಲ. ಎಲ್ರೂ ಮುದ್ದು ಅಂತಾರೆ ನಿನ್ನ. ನಂಗೆ ಏನೂ ಅನ್ಸಲ್ಲ. ಬಾವಿ ಕಡೆ ಹೋದ್ರೆ ಬಗ್ಗಿ ನೋಡ್ತಾ ನಿಂತ್ಬಿಡ್ತೀನಿ, ಆಮೇಲೆ ಭಯ ಆಗುತ್ತೆ. ಅಮ್ಮಂಗೆ ಹೇಳೋಣ ಅಂತ ಬಾಯಿ ತೆಗೀತೀನಿ. ಅಷ್ಟರಲ್ಲಿ ಎದ್ದು ಹೋಗಿರ್ತಾಳೆ."

ಮಗಳ ಮಾತು, ಅದೂ ಇಂಥ ಮಾತು, ಬೀಗಿತ್ತಿಯ ಮುಂದೆ. ನಾಳೆ ಇದೇ ಮಗಳು ಇವರ ಮನೆಗೇ ಹೋಗಿ ಬಾಳಬೇಕು. ಕೈ ತನ್ನಷ್ಟಕ್ಕೆ ಸ್ವಿಚ್ಚಿನ ಕಡೆ ಹೋಯಿತು. ಸುಭದ್ರಮ್ಮನವರು ನನ್ನ ಮಣಿಕಟ್ಟು ಹಿಡಿದರು. ಆ ತೆಳ್ಳನೆ ಕೈಯಲ್ಲಿ ಅಷ್ಟು ಬಿಗಿ ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

"ಆರಿಸ್ಬೇಡಿ. ಹೇಳಿ ಮುಗಿಸ್ಲಿ" ಅಂದರು.

"ಬಾಣಂತಿ ರೀ, ಏನೋ ತಲೆ ಕೆಟ್ಟು..."

"ನಾನೂ ಇದನ್ನೇ ಹೇಳಿದ್ದೆ. ವಿಶ್ವ ತೊಟ್ಟಿಲಲ್ಲಿದ್ದಾಗ, ದಿನಾ, ಹೀಗೇ ಮೈಕಿಗೆ. ಯಾರಾದ್ರೂ ಕೇಳಿಸ್ಕೊಂಡು ಬರ್ತಾರೆ ಅಂತ." ಅವರು ತುತ್ತೂರಿಯ ನುಗ್ಗಿದ ಬಾಯಿಯನ್ನು ನೋಡುತ್ತಿದ್ದರು. "ನಡುಮನೆ ತುಂಬ ಜನ ಇರೋರು. ಎಲ್ರಿಗೂ ಕೇಳಿಸ್ತಿತ್ತು. ಒಬ್ರೂ ಎದ್ದು ಬರ್ಲಿಲ್ಲ."

ನಿನ್ನೆ ಇವರನ್ನು ನಾನು ಏನೇನೆಲ್ಲ ಅಂದುಕೊಂಡಿದ್ದೆ. ಅವರು ಕೈ ಬಿಟ್ಟು, "ಹಾಲು ನಾನು ನೋಡ್ಕೋತೀನಿ. ನೀವು ಹೋಗಿ" ಅಂದರು.

ಕೋಣೆಗೆ ಹೋದೆ. ತಾರಿಣಿ ಗಡಬಡಿಸಿ ಕಣ್ಣೊರೆಸಿಕೊಂಡು, "ಅನ್ನ ಆಯ್ತಾ ಅಮ್ಮ?" ಅಂದಳು. ನಾನು ಅವಳ ಪಕ್ಕ ಚಾಪೆಯ ಮೇಲೆ ಕೂತೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿಕೊಂಡು.

"ಬಾವಿ ವಿಷ್ಯ ಹೇಳು" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತೊಟ್ಟಿಲ ಮೇಲೆ ತೂಗುತ್ತಿದ್ದ ಮೈಕನ್ನು ನೋಡಿದಳು. ನಡುಮನೆಯಲ್ಲಿ ತನ್ನ ಅತ್ತೆ ಕೂತಿರುವುದು ಅವಳಿಗೆ ಗೊತ್ತಿತ್ತು, ಈಗ ಆಡುವುದೆಲ್ಲ ಅಲ್ಲಿಗೂ ಕೇಳುತ್ತದೆ ಅಂತಲೂ ಗೊತ್ತಾಯಿತು. ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂತು, ಬೀಗಿತ್ತಿ ತುತ್ತೂರಿಯ ಮುಂದಿನಿಂದ ಎದ್ದಿರಲಿಲ್ಲ. ನಾನು ಏಳಲಿಲ್ಲ. ಆಗ ಅವಳು ಹೇಳುವುದಕ್ಕೆ ಶುರು ಮಾಡಿದಳು.